ಅವ್ವನಿಗೆ ಹೊಸ ಸೀರೆ, ನನಗೆ ಬೇಡ

ನಾನು ಹೊಸ ಬಟ್ಟೆ ತಗೊಳ್ಳುವುದನ್ನು ನಿಲ್ಲಿಸಿ ಕೆಲವು ವರ್ಷಗಳಾದವು. ಸೀರೆ, ಚೂಡಿದಾರ್, ಸ್ವೆಟರ್ ಯಾವುದೂ ಇಲ್ಲ. ಒಳಉಡುಪು ಮಾತ್ರ ಹೊಸದು ತರುತ್ತೇನೆ. ಗೌರಿ ಹಬ್ಬ ಬರಲಿ, ತಮ್ಮನ ಮದುವೆ ಬರಲಿ, ಆಷಾಢದ ಡಿಸ್ಕೌಂಟ್ ಬೋರ್ಡುಗಳು ಪೇಟೆಬೀದಿ ತುಂಬ ತೂಗಾಡಲಿ, ಬೇಡ ಅಂದರೆ ಬೇಡ. ಮಂಡ್ಯದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ಹಾಗಾಗಿ ದುಡ್ಡಿನ ತಾಪತ್ರಯ ಏನಿಲ್ಲ. ಒಬ್ಬಳು ದಿನವಿಡೀ ನೀರು ಕುಡಿಯದೆ ಕೂತು ಹೊಲಿದ ಬಟ್ಟೆಯನ್ನು, ಬಣ್ಣ ಚೆನ್ನಾಗಿದೆ ಅಂತ ಸುಮ್ನೆ ತಂದು ಬೀರುವಿಗೆ ತುಂಬಲು ನನಗೆ ಮನಸ್ಸು ಒಪ್ಪುವುದಿಲ್ಲ.

ಆ ಒಬ್ಬಳು ನನ್ನ ಚಿಕ್ಕವ್ವನ ಮಗಳು. ಮದ್ದೂರು ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಕು ಹರಿಯುವ ಮೊದಲೇ ಎದ್ದು ಮುದ್ದೆ ತಿರುವಿ, ಮಕ್ಕಳಿಗೆ ಡಬ್ಬಿ ಕಟ್ಟಿ, ಊರ ಮುಂದೆ ನಿಲ್ಲುವ ವ್ಯಾನ್ ಹತ್ತುತ್ತಾಳೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಇಂಥ ವ್ಯಾನುಗಳನ್ನು ನೀವೂ ನೋಡಿರುತ್ತೀರಿ. ಅವಳ ಕೆಲಸ ಶರ್ಟಿಗೆ ಕಾಲರ್ ಕೂರಿಸುವುದು. ಬೆಳಿಗ್ಗೆಯಿಂದ ಸಂಜೆವರೆಗೆ ಕಾಲರ್, ಕಾಲರ್, ಕಾಲರ್. ಹಿಂದಿನ ಮಿಷನ್ನಿನಿಂದ ಪೀಸ್ ಬರುತ್ತಲೇ ಇರುತ್ತವೆ, ಮುಂದಿನ ಮಿಷನ್ನಿನವಳು ಕಾಯುತ್ತಾ ಇರುತ್ತಾಳೆ. ಲೈನಿನ ತಲೆಯಲ್ಲಿ ಒಂದು ಬೋರ್ಡು. ಗಂಟೆಗೆ ಎಷ್ಟು ಟಾರ್ಗೆಟ್, ಎಷ್ಟು ಆಯ್ತು ಅಂತ ಅದರಲ್ಲಿ ಬರೆಯುತ್ತಾರೆ.

"ನೀರ್ ಕುಡುದ್ರೆ ಬಾತ್‌ರೂಮ್ಗೆ ಹೋಗ್ಬೇಕು ಕನಕ್ಕ. ಹೋದ್ರೆ ಪೀಸ್ ಸೇರ್ಕತವೆ. ಸೇರ್ಕಂಡ್ರೆ ಸೂಪರ್‌ವೈಸರ್ ಎಲ್ಲಾರ ಮುಂದೆ ಬೈತರೆ. ಅದ್ಕೆ ನೀರೇ ಕುಡಿಯಲ್ಲ ಮದ್ಯಾನ ಗಂಟ."

ಮೂತ್ರದ ಉರಿ ಅಂತ ಅವಳು ನನ್ನನ್ನು ಜೊತೆಗೆ ಕರೆದುಕೊಂಡು ಡಾಕ್ಟರ ಹತ್ತಿರ ಹೋದಾಗ ಈ ಮಾತು ಹೇಳಿದಳು. ತಿಂಗಳಿಗೆ ಅವಳ ಕೈಗೆ ಬರುವುದು ಹತ್ತು ಹನ್ನೊಂದು ಸಾವಿರ. ಅವಳು ಹೊಲಿದ ಶರ್ಟಿಗೆ ಅಲ್ಲೇ ಯೂರೋ ಬೆಲೆಯ ಚೀಟಿ ಹಾಕಿ ಪ್ಯಾಕ್ ಮಾಡುತ್ತಾರಂತೆ. ಆ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿ ಕೊಡಕ್ಕ ಅಂತ ಕೇಳಿದಳು. ಹಾಕಿ ಕೊಟ್ಟೆ. ಅದನ್ನು ನೋಡಿ ಅವಳು ಏನೂ ಹೇಳಲಿಲ್ಲ. ಕೋಪ ಬಂದದ್ದು ನನಗೆ.

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಅನ್ನುವ ಎಂಟು ಮಹಡಿ ಕಟ್ಟಡ ಕುಸಿಯಿತು. 1,134 ಜನ ಸತ್ತರು. ಹೆಚ್ಚಿನವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಗಾರ್ಮೆಂಟ್ಸಿನವರನ್ನು ಮಾತ್ರ ಬೆಳಿಗ್ಗೆ ಕೆಲಸಕ್ಕೆ ಕರೆದರು. ಯಾಕೆ? ಆರ್ಡರ್ ಇತ್ತು, ತಾರೀಖಿನೊಳಗೆ ಮಾಲು ಹೋಗಬೇಕಿತ್ತು. ನಮ್ಮ ಹುಡುಗಿ ಕೂರುವ ಕಟ್ಟಡ ಗಟ್ಟಿಯಾಗಿಯೇ ಇದೆ. ಆದರೆ ಅವಳನ್ನು ನೀರು ಕುಡಿಯಲು ಬಿಡದ ಅವಸರವೂ ಆ ಹೆಣ್ಣುಮಕ್ಕಳನ್ನು ಬಿರುಕು ಬಿಟ್ಟ ಕಟ್ಟಡಕ್ಕೆ ಹತ್ತಿಸಿದ ಅವಸರವೂ ಒಂದೇ. ವಾರಕ್ಕೊಂದು ಹೊಸ ಡಿಸೈನ್ ಬೇಕು, ಅದೂ ಕಡಿಮೆ ಬೆಲೆಗೆ ಬೇಕು ಅಂತ ಕೇಳುವ ಜನ ಇರುವವರೆಗೆ ಅದು ನಿಲ್ಲುವುದಿಲ್ಲ. ಆ ಗುಂಪಿನಲ್ಲಿ ನಾನಿರಬಾರದು ಅನ್ನಿಸಿತು.

ಇನ್ನೊಂದು ಕಾರಣ ನೀರು. ಮಂಡ್ಯದವರಿಗೆ ನೀರಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ಇವತ್ತು ಎಷ್ಟು ಅಡಿ ಅಂತ ನಮ್ಮ ಶಾಲೆಯ ಮಕ್ಕಳೂ ಹೇಳುತ್ತಾರೆ. ಒಂದು ಹತ್ತಿಯ ಟೀ ಶರ್ಟಿಗೆ, ಗಿಡ ಬೆಳೆಸುವುದರಿಂದ ಬಣ್ಣ ಹಾಕುವವರೆಗೆ, ಅಂದಾಜು 2,700 ಲೀಟರ್ ನೀರು ಬೇಕು ಅಂತ ಲೆಕ್ಕವಿದೆ. ಇದನ್ನು ಒಂಬತ್ತನೇ ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗ, "ಮಿಸ್, ನಮ್ಮ ಟ್ಯಾಂಕರ್ ಅರ್ಧ ಖಾಲಿ ಆಗೋಯ್ತದಲ್ಲ" ಅಂದ.

ಬಣ್ಣದ ಕಥೆ ಇನ್ನೂ ಹತ್ತಿರದ್ದು. ನಮ್ಮ ಕಾವೇರಿ ಇಲ್ಲಿಂದ ಇಳಿದು ಮೇಟ್ಟೂರು ದಾಟಿದ ಮೇಲೆ ಕರೂರು ಜಿಲ್ಲೆಯಲ್ಲಿ ಅದಕ್ಕೆ ನೊಯ್ಯಲ್ ಅನ್ನುವ ಹೊಳೆ ಸೇರುತ್ತದೆ. ಆ ನೊಯ್ಯಲ್ ಬರುವುದು ಕೊಯಮತ್ತೂರಿನ ಬೆಟ್ಟಗಳಿಂದ, ತಿರುಪ್ಪೂರಿನ ನಡುವೆ ಹಾದು. ನಮ್ಮಲ್ಲಿ ಮಾರುವ ಬನಿಯನ್, ಟೀ ಶರ್ಟ್ ಎಷ್ಟೋ ತಿರುಪ್ಪೂರಿನವೇ ಅಲ್ವಾ? ಅಲ್ಲಿನ ಬಣ್ಣದ ಕಾರ್ಖಾನೆಗಳ ನೀರು ವರ್ಷಗಟ್ಟಲೆ ನೊಯ್ಯಲ್‌ಗೆ ಹರಿಯಿತು. ಒರತ್ತುಪಾಳಯಂ ಅನ್ನುವಲ್ಲಿ ರೈತರಿಗೆಂದು 1992ರಲ್ಲಿ ಕಟ್ಟಿದ ಅಣೆಕಟ್ಟೆಯಲ್ಲಿ ಆ ನೀರೇ ನಿಂತಿತು. ಉಪ್ಪು, ಬಣ್ಣ, ರಾಸಾಯನಿಕ ಎಲ್ಲ ಸೇರಿದ ನೀರು. ಗದ್ದೆಗೆ ಬಿಟ್ಟರೆ ಗದ್ದೆಯೇ ಹಾಳು. ಕೊನೆಗೆ ಕೆಳಗಿನ ರೈತರೇ ಅಣೆಕಟ್ಟೆಯ ನೀರು ಬೇಡ ಅನ್ನಬೇಕಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ಆಮೇಲೆ ನೀರು ಶುದ್ಧ ಮಾಡುವ ವ್ಯವಸ್ಥೆ ಬಂತು, ಕೆಲಸ ಮತ್ತೆ ಶುರುವಾಯಿತು. ನೀರಿಗಾಗಿ ಹೆದ್ದಾರಿಯಲ್ಲಿ ಕೂತು ಗೊತ್ತಿರುವ ನಾವು, ನಾಲೆಯ ನೀರು ಇದ್ದೂ ಬೆಳೆಗೆ ಬಿಡಲಾಗದ ರೈತನ ಪಾಡನ್ನು ಊಹಿಸಿಕೊಳ್ಳಬಲ್ಲೆವು. ಅವರು ತಮಿಳುನಾಡಿನವರಾದರೆ ಏನು?

ಪಾಲಿಯೆಸ್ಟರ್‌ದು ಬೇರೆ ರಾಮಾಯಣ. ಅದು ಪೆಟ್ರೋಲಿಯಂನಿಂದ ಆದ ಪ್ಲಾಸ್ಟಿಕ್ಕೇ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಬಿಡುತ್ತವೆ. ನಮ್ಮೂರಲ್ಲಿ ಇನ್ನೂ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸೋಪಾನದ ಮೇಲೆ ಬಟ್ಟೆ ಒಗೆಯುತ್ತಾರೆ. ಆ ಎಳೆ ಹೋಗುವುದು ಭತ್ತದ ಗದ್ದೆಗೆ.

ಇಷ್ಟೆಲ್ಲ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಆದರೆ ನಿರ್ಧಾರವನ್ನು ಅವ್ವನಿಗೆ ಹೇಳಿದ ದಿನ ಅವಳು ಊಟ ಬಿಟ್ಟು ಎದ್ದಳು.

"ನಾನು ಗೌಡ್ರಟ್ಟಿ ಹಳೇ ಸೀರೆ ಉಟ್ಕಂಡು ನಿನ್ನ ಓದುಸ್ದೆ. ನೀನು ಕೈತುಂಬ ಸಂಬ್ಳ ತಗಂಡು ಹಳೇದ್ನೇ ಉಡ್ತೀನಿ ಅಂತೀಯಲ್ಲ ಮಗ. ಇದ್ಕಾ ನಾನು ಕಬ್ಬಿನ ಗದ್ದೇಲಿ ಬೆನ್ನು ಮುರ್ಕಂಡಿದ್ದು?"

ಈ ಮಾತನ್ನು ದಾಟಿ ಮುಂದೆ ಹೋಗಲು ಆಗುವುದಿಲ್ಲ. ನಾವು ಕೇರಿಯವರು. ನಾನು ಚಿಕ್ಕವಳಿದ್ದಾಗ ಅವ್ವ ಕಳೆ ಕೀಳಲು, ಕಬ್ಬು ಕಡಿಯಲು ಹೋಗುತ್ತಿದ್ದಳು. ಹಬ್ಬ ಹತ್ತಿರ ಬಂದಾಗ ಗೌಡರ ಮನೆಯ ಹೆಂಗಸರು ಉಟ್ಟು ಬಿಟ್ಟ ಸೀರೆ ಕೊಡುತ್ತಿದ್ದರು. ಕೊಡುತ್ತಿದ್ದರು ಅಂದರೆ ಜಗಲಿಯ ಮೇಲಿಂದ ಹಾಕುತ್ತಿದ್ದರು. ಅವ್ವ ಕೆಳಗೆ ನಿಂತು ಸೆರಗೊಡ್ಡಿ ಹಿಡಿದುಕೊಳ್ಳುತ್ತಿದ್ದಳು. ನಾನು ಅವಳ ಪಕ್ಕ ನಿಂತು ನೋಡಿದ್ದೇನೆ. ಆ ಸೀರೆಗಳು ಚೆನ್ನಾಗಿಯೇ ಇರುತ್ತಿದ್ದವು. ಆದರೂ ಅವ್ವ ಅದನ್ನು ಉಟ್ಟು ಊರೊಳಗೆ ಹೋದರೆ "ಅದು ನಮ್ಮನೇದಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಉಟ್ಟ ಬಟ್ಟೆಯೂ ನಿನ್ನದಲ್ಲ ಅಂತ ನೆನಪಿಸಿದ ಹಾಗೆ.

ನನಗೆ ಮೊದಲ ಸಂಬಳ ಬಂದಾಗ ಅವ್ವನನ್ನು ಪೇಟೆಬೀದಿಗೆ ಕರೆದುಕೊಂಡು ಹೋಗಿ ಅವಳಿಗೆ ಬೇಕಾದ ಸೀರೆ ಕೊಡಿಸಿದೆ. ಅಂಗಡಿಯವನು ಮಡಿಕೆ ಬಿಚ್ಚಿ ಹಾಸಿದಾಗ ಅವಳು ಗಂಜಿಯ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡಳು. ಮನೆಗೆ ಬಂದು ಮೂಲೆಗೆ ಅರಿಶಿನ ಹಚ್ಚಿ, ಬಾಬಾಸಾಹೇಬರ ಫೋಟೋ ಮುಂದೆ ಇಟ್ಟು ಉಟ್ಟಳು. ಹೊಸ ಬಟ್ಟೆ ಅವಳಿಗೆ ಆಡಂಬರ ಆಗಿರಲಿಲ್ಲ. ಅದು ಅವಳ ಮರ್ಯಾದೆ. ಬಟ್ಟೆ ಜಾಸ್ತಿಯಾಯಿತು, ಭೂಮಿ ಹಾಳಾಯಿತು ಅಂತ ಮಾತಾಡುವ ಎಷ್ಟೋ ಜನರಿಗೆ ಈ ವಿಷಯ ಕಾಣುವುದೇ ಇಲ್ಲ. ಬೀರು ತುಂಬಿದವರು ಬಿಡಲಿ. ಜೀವಮಾನವಿಡೀ ಇನ್ನೊಬ್ಬರದ್ದನ್ನು ಉಟ್ಟವರಿಗೆ ಹೊಸದು ಬೇಡ ಅನ್ನಲು ಯಾರಿಗೂ ಹಕ್ಕಿಲ್ಲ, ನನಗಂತೂ ಮೊದಲೇ ಇಲ್ಲ.

ಅದಕ್ಕೆ ನನ್ನ ಮನೆಯಲ್ಲಿ ನಿಯಮ ನನಗೊಬ್ಬಳಿಗೆ ಮಾತ್ರ. ಯುಗಾದಿಗೆ ಅವ್ವನಿಗೆ ಹೊಸ ಸೀರೆ ಬರುತ್ತದೆ, ಅವಳು ಇರುವವರೆಗೂ ಬರುತ್ತದೆ. ಮೇಲುಕೋಟೆಗೆ ಹೋದಾಗ ಜನಪದ ಸೇವಾ ಟ್ರಸ್ಟಿನ ಕೈಮಗ್ಗದ ಬಟ್ಟೆ ತೋರಿಸಿದೆ. ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ಕೈಯಲ್ಲೇ ನೇಯ್ದು ಗಿಡಮೂಲದ ಬಣ್ಣ ಹಾಕುತ್ತಾರೆ. ನನಗೆ ಆ ಬಟ್ಟೆ ಅಂದರೆ ಪ್ರಾಣ. ಅವ್ವ ಮುಟ್ಟಿ ನೋಡಿ, "ಗಟ್ಟಿಯೇನೋ ಅದೆ, ಹೊಳಪಿಲ್ಲ" ಅಂದಳು. ಅವಳಿಗೆ ಬೇಕಾದದ್ದು ದೊಡ್ಡ ಅಂಚಿನ ಮಿರಮಿರ ಮಿಂಚುವ ಸೀರೆ. ಅದು ಪಾಲಿಯೆಸ್ಟರ್ ಅಂತ ನನಗೆ ಗೊತ್ತು. ಕೊಡಿಸಿದೆ. ಮುಂದೆಯೂ ಕೊಡಿಸುತ್ತೇನೆ.

ಮಗಳಿಗೂ ನಾನು ಒತ್ತಾಯ ಮಾಡುವುದಿಲ್ಲ. ಯೂನಿಫಾರಂ ಶಾಲೆ ಹೇಳಿದ್ದೇ ಆಗಬೇಕು. ಉಳಿದಿದ್ದು ಅವಳೇ ಯೋಚಿಸಲಿ.

ನನ್ನ ಬಟ್ಟೆಯ ಸಂಸಾರ ಹೇಗೆ ನಡೆಯುತ್ತದೆ ಅಂತ ಕೇಳುವವರಿಗೆ ಹೇಳುತ್ತೇನೆ. ಸೀರೆ ಉಡುವವರಿಗೆ ಇದು ಸುಲಭ. ಸೀರೆಗೆ ಅಳತೆಯಿಲ್ಲ, ದಪ್ಪ ಆದರೂ ಸಣ್ಣ ಆದರೂ ಆಗುತ್ತದೆ. ಮೊದಲು ಕೈಕೊಡುವುದು ಬ್ಲೌಸು. ಕಂಕುಳ ಹತ್ತಿರ ಬಣ್ಣ ಹೋಗುತ್ತದೆ, ಆಮೇಲೆ ಹೊಲಿಗೆ ಬಿಡುತ್ತದೆ. ಸೆರಗು ಹರಿದ ಸೀರೆಯೊಂದನ್ನು ಕತ್ತರಿಸಿ ಬ್ಲೌಸುಗಳನ್ನು ಹೊಲಿಸಿಕೊಂಡೆ. ಗುತ್ತಲು ರಸ್ತೆಯ ನಮ್ಮ ಟೈಲರ್ ಅಣ್ಣ ಮೊದಮೊದಲು ಒಪ್ಪಲಿಲ್ಲ. "ಮೇಡಂ, ಹೊಸದು ಕಟ್ ಮಾಡೋದು ಅರ್ಧ ಗಂಟೆ, ಆಲ್ಟ್ರೇಷನ್ ಅಂದ್ರೆ ಬಿಚ್ಚೋಕೇ ಅರ್ಧ ದಿನ" ಅಂದರು. ಅವರು ಹೇಳಿದ್ದು ನಿಜ. ಅದಕ್ಕೆ ಹಳೆಯದನ್ನು ಸರಿಮಾಡಿದರೂ ಹೊಸದು ಹೊಲಿದಷ್ಟೇ ಮಜೂರಿ ಕೊಡುತ್ತೇನೆ. ರಿಪೇರಿಗೆ ಚೌಕಾಸಿ ಮಾಡಿದರೆ ರಿಪೇರಿ ಮಾಡುವವರು ಉಳಿಯುವುದಿಲ್ಲ. ರಫು ಹಾಕುವವರಂತೂ ಈಗಾಗಲೇ ಅಪರೂಪ. ನನ್ನ ಮದುವೆಯ ರೇಷ್ಮೆ ಸೀರೆಗೆ ಮೊಳೆ ತಾಗಿ ಹರಿದಾಗ ಮೈಸೂರಿನಲ್ಲಿ ಗಲ್ಲಿ ಗಲ್ಲಿ ವಿಚಾರಿಸಿ ಒಬ್ಬ ವಯಸ್ಸಾದ ಸಾಹೇಬರನ್ನು ಹುಡುಕಿದೆ. ಅದೇ ಸೀರೆಯ ಒಳಮೂಲೆಯಿಂದ ಎಳೆ ತೆಗೆದು, ಹರಿದ ಜಾಗದಲ್ಲಿ ಅಡ್ಡ ಉದ್ದ ನೇಯ್ದು ಕೊಟ್ಟರು. ಎಲ್ಲಿ ಹರಿದಿತ್ತು ಅಂತ ನನಗೇ ಗುರುತು ಸಿಗಲಿಲ್ಲ. ಈ ಕೆಲಸ ಕಲಿಯಲು ಮಕ್ಕಳು ಬರುತ್ತಿಲ್ಲ ಅಂದರು.

ರವಿಕೆ ಕಣದ ಮಾತು ಬಂದರೆ ನನಗೆ ಸಂಕಟ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ತಾಂಬೂಲದ ಜೊತೆ ಒಂದು ಬ್ಲೌಸ್ ಪೀಸ್. ಅದು ತೆಳ್ಳಗೆ, ಹೊಲಿಸಲು ಬರುವುದಿಲ್ಲ. ಅದನ್ನೇ ನಾವು ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ. ಯಾರೂ ತೊಡದ ಬಟ್ಟೆಗಾಗಿಯೂ ಮಗ್ಗ ಓಡಿದೆ, ಬಣ್ಣ ಹರಿದಿದೆ, ಲಾರಿ ಬಂದಿದೆ. ನಮ್ಮ ಮನೆಯಲ್ಲಿ ಈಗ ಎಲೆ, ಅಡಿಕೆ, ಹೂವು, ತೆಂಗಿನಕಾಯಿ ಅಷ್ಟೇ. ಬಂದವರು ಯಾರೂ ಬೇಸರ ಮಾಡಿಕೊಂಡಿಲ್ಲ.

ಹಳೆಯದನ್ನು ದಾನ ಮಾಡಿದರೆ ಹೊಸದಕ್ಕೆ ಜಾಗ ಆಯಿತಲ್ಲ ಅನ್ನುವವರಿದ್ದಾರೆ. ದಾನ ಕೊಟ್ಟ ಬಟ್ಟೆ ಎಲ್ಲಿಗೆ ಹೋಗುತ್ತದೆ? ಶ್ರೀಮಂತ ದೇಶಗಳವರು ಬಿಟ್ಟ ಬಟ್ಟೆ ಘಾನಾದ ಅಕ್ರಾದಲ್ಲಿರುವ ಕಂಟಮಂಟೊ ಮಾರುಕಟ್ಟೆಗೆ ಮೂಟೆಗಟ್ಟಲೆ ಬಂದು ಬೀಳುತ್ತದೆ. ಮಾರಲಾಗದ್ದು ಅಲ್ಲಿಯ ಚರಂಡಿಗೆ, ಸಮುದ್ರಕ್ಕೆ. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಬಟ್ಟೆಯದೇ ಗುಡ್ಡಗಳಿವೆ. ಹರಿಯಾಣದ ಪಾಣಿಪತ್‌ನಲ್ಲಿ ಉಣ್ಣೆ ಬಟ್ಟೆಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸಿ, ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ಮಾಡುತ್ತಾರೆ. ಅದು ಒಳ್ಳೆಯ ಕೆಲಸ, ಆದರೆ ಅಲ್ಲಿ ಆ ದೂಳು ಕುಡಿಯುತ್ತ ಕೂರುವವರೂ ಹೆಣ್ಣುಮಕ್ಕಳೇ. ನಮ್ಮ ಅಜ್ಜಿಯರು ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಬೊಂತೆ ಹೊಲೆಯುತ್ತಿದ್ದರು. ನಾನೂ ಒಂದನ್ನು ರಜದಲ್ಲಿ ಕೂತು ಹೊಲಿದೆ. ತಿಂಗಳುಗಟ್ಟಲೆ ಹಿಡಿಯಿತು, ಬೆರಳು ತೂತಾಯಿತು, ಆದರೆ ಚಳಿಗೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ.

ಸ್ಟಾಫ್ ರೂಮಿನ ವಿಷಯ ಹೇಳಲೇಬೇಕು. ಟೀಚರುಗಳ ನಡುವೆ ಸೀರೆ ದೊಡ್ಡ ವಿಷಯ. ಯಾರು ಯಾವುದನ್ನು ಎಷ್ಟನೇ ಸಲ ಉಟ್ಟರು ಅಂತ ಎಲ್ಲರಿಗೂ ನೆನಪಿರುತ್ತದೆ. ನಾನು ಹೊಸದು ನಿಲ್ಲಿಸಿದ ಮೇಲೆ ಗಣಿತದ ಮೇಡಂ ಒಬ್ಬರು ತಾವಾಗಿಯೇ ಕೇಳಿದರು, "ನಾವು ಸೀರೆ ಬದಲಾಯಿಸಿಕೊಳ್ಳೋಣ್ವಾ?" ಅವರ ಹಸಿರು ಇಳಕಲ್ ನನಗೆ ಬಂತು. ನನ್ನ ಕಂದು ಬಣ್ಣದ ಕಾಟನ್ ಅವರಿಗೆ ಹೋಯಿತು. ರಾಜ್ಯೋತ್ಸವದ ದಿನ ಅವರು ಅದನ್ನೇ ಉಟ್ಟು ಧ್ವಜದ ಮುಂದೆ ನಿಂತಿದ್ದರು. ಫೋಟೋವನ್ನು ಅವ್ವನಿಗೆ ತೋರಿಸಿದೆ.

"ಇದು ನಿನ್ನ ಸೀರೆ ಅಲ್ವಾ?"

"ಹೂಂ ಕನವ್ವ."

"ಅವ್ರು ಯಾವ ಪೈಕಿ?"

ಹೇಳಿದೆ. ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದಳು. "ಒಗ್ದು ಕೊಟ್ಟಿದ್ದಾ?" ಅಂದಳು. ಒಗೆದು ಇಸ್ತ್ರಿ ಮಾಡಿ ಕೊಟ್ಟಿದ್ದೆ. ಅವರೂ ಹಾಗೆಯೇ ಕೊಟ್ಟಿದ್ದರು. ನಮ್ಮ ಕಡೆ ಹಳೇ ಬಟ್ಟೆ ಯಾವತ್ತೂ ಮೇಲಿನಿಂದ ಕೆಳಗೆ ಬಂದದ್ದೇ ಹೊರತು ಕೆಳಗಿನಿಂದ ಮೇಲಕ್ಕೆ ಹೋದದ್ದಿಲ್ಲ. ಅಂದಿನಿಂದ ಅವ್ವ ನನ್ನ ನಿರ್ಧಾರದ ಬಗ್ಗೆ ಜಗಳ ಆಡಿಲ್ಲ. 1927ರಲ್ಲಿ ಮಹಾರಾಷ್ಟ್ರದ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ, ಬಟ್ಟೆಗೆ ತೇಪೆ ಇದ್ದರೂ ಚಿಂತೆಯಿಲ್ಲ, ಚೊಕ್ಕಟವಾಗಿರಲಿ ಅನ್ನುವ ಅರ್ಥದ ಮಾತು ಹೇಳಿದ್ದರು. ಅದನ್ನು ಓದಿ ಹೇಳಿದಾಗ, "ತೇಪೆ ಹಾಕ್ಕೊ, ಇಸ್ತ್ರಿ ಮಾತ್ರ ಬುಡ್ಬೇಡ" ಅಂದಳು. ಬಿಟ್ಟಿಲ್ಲ.

ಇನ್ನು ಗಾರ್ಮೆಂಟ್ಸಿಗೆ ಹೋಗುವ ಆ ತಂಗಿಯ ಪ್ರಶ್ನೆ. ಅವಳು ನೇರವಾಗಿ ಕೇಳಿದಳು. "ಎಲ್ಲಾರೂವೆ ನಿನ್ನಂಗೆ ಬಟ್ಟೆ ತಗಳದು ಬುಟ್ರೆ ನಮ್ಮ ಕೆಲ್ಸದ ಗತಿ ಏನಕ್ಕ?"

ತೀರಾ ನ್ಯಾಯವಾದ ಪ್ರಶ್ನೆ. ಗಾರ್ಮೆಂಟ್ಸ್ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ದುಡ್ಡು ಓಡಾಡಿದೆ. ಗದ್ದೆ ಕೂಲಿಗೆ ಯಾರ ಮನೆ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಅದು ಸಣ್ಣ ವಿಷಯವಲ್ಲ. ಆದರೆ ಜನ ಜಾಸ್ತಿ ಕೊಂಡರೆ ಇವರ ಕೆಲಸ ಭದ್ರ ಅನ್ನುವುದನ್ನು ನಾನು ನಂಬುವುದಿಲ್ಲ. 2020ರಲ್ಲಿ ಕೊರೋನಾ ಬಂದಾಗ ದೊಡ್ಡ ದೊಡ್ಡ ಬ್ರಾಂಡುಗಳು ಹೊಲಿದು ಮುಗಿದ ಆರ್ಡರುಗಳನ್ನೂ ರದ್ದು ಮಾಡಿದವು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲೇ ಒಂದು ಕಾರ್ಖಾನೆ ಬಾಗಿಲು ಹಾಕಿತು. ಸಾವಿರದ ಇನ್ನೂರಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು, ವಾರಗಟ್ಟಲೆ ಧರಣಿ ಕೂತರು. ವರ್ಷಗಟ್ಟಲೆ ರಾಶಿ ರಾಶಿ ಹೊಲಿದು ಕೊಟ್ಟಿದ್ದು ಆಗ ಅವರನ್ನು ಕಾಯಲಿಲ್ಲ.

ಕಾದದ್ದು ಯಾವುದು? 2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಮಗಳ ಮದುವೆಗೆ, ಮನೆ ಸಾಲಕ್ಕೆ, ಕೆಲಸ ಬಿಟ್ಟಾಗ ಹೊಟ್ಟೆಗೆ ಅಂತ ನಂಬಿಕೊಂಡ ದುಡ್ಡು ಅದು. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಮಿಷನ್ ಬಿಟ್ಟು ಎದ್ದು ರಸ್ತೆಗೆ ಬಂದರು. ಎರಡೇ ದಿನಕ್ಕೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ತಂಗಿಗೆ ಈ ಕಥೆ ಗೊತ್ತಿತ್ತು. ಆಗ ಬೊಮ್ಮನಹಳ್ಳಿಯಲ್ಲಿ ಕೆಲಸಕ್ಕಿದ್ದ ಅವಳ ವಾರಗಿತ್ತಿಯೂ ಬೀದಿಗಿಳಿದಿದ್ದಳಂತೆ.

ನಾನು ಅವಳಿಗೆ ಹೇಳಿದೆ, ಕಡಿಮೆ ಬಟ್ಟೆ, ಹೆಚ್ಚು ಮಜೂರಿ, ನಿಧಾನದ ಲೈನು, ಇವು ಮೂರೂ ಒಟ್ಟಿಗೆ ಬರಬೇಕು. ನಾನು ಕೊಳ್ಳದೆ ಇರುವುದು ಮೊದಲನೆಯದಕ್ಕೆ. ಉಳಿದೆರಡಕ್ಕೆ ನಾನು ನಿಮ್ಮ ಜೊತೆ ನಿಲ್ಲಬೇಕು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರೆ ಮೊದ್ಲು ನಮ್ಮ ಪಿಎಫ್ ನೋಡ್ಕೊಡು" ಅಂದಳು.

ಈಗ ಭಾನುವಾರ ಬೆಳಿಗ್ಗೆ ಅವಳ ಲೈನಿನ ಹೆಂಗಸರು ನಮ್ಮ ಮನೆಗೆ ಬರುತ್ತಾರೆ. ತೊಂದರೆಗಳು ಹೆಚ್ಚುಕಡಿಮೆ ಒಂದೇ ಥರ. ಆಧಾರ್‌ನಲ್ಲಿ ಹೆಸರು ಒಂದು, ಕಾರ್ಖಾನೆಯ ದಾಖಲೆಯಲ್ಲಿ ಇನ್ನೊಂದು. ಗಂಡನ ಮನೆಗೆ ಬಂದ ಮೇಲೆ ಬದಲಾದ ಇನಿಷಿಯಲ್. ಶಾಲೆ ಮೆಟ್ಟಿಲು ಹತ್ತದವರಿಗೆ ಅಂದಾಜಿನಲ್ಲಿ ಬರೆದ ಜನವರಿ 1ರ ಹುಟ್ಟಿದ ತಾರೀಖು. ಒಂದು ಗಾರ್ಮೆಂಟ್ಸ್ ಬಿಟ್ಟು ಇನ್ನೊಂದಕ್ಕೆ ಸೇರಿದಾಗ ಆದ ಎರಡು ಯುಎಎನ್ (ಪಿಎಫ್ ಖಾತೆಯ ಗುರುತಿನ ನಂಬರ್), ಹಳೆಯದರಲ್ಲಿ ಹಾಗೇ ಕೂತ ದುಡ್ಡು. ಒಬ್ಬಾಕೆಗೆ ತನ್ನ ಹೆಸರಲ್ಲಿ ಅಷ್ಟು ದುಡ್ಡಿದೆ ಅಂತಲೇ ಗೊತ್ತಿರಲಿಲ್ಲ. ಅವರು ನನಗೆ ಓವರ್‌ಲಾಕ್ ಇಲ್ಲದೆ ಅಂಚು ಬಿಡದ ಹಾಗೆ ಕೈಹೊಲಿಗೆ ಹಾಕುವುದನ್ನು ಕಲಿಸಿದ್ದಾರೆ.

ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಗಾರ್ಮೆಂಟ್ಸಿಗೆ ಹೋಗುವವರಿದ್ದರೆ ಒಂದು ಕೆಲಸ ಮಾಡಿ. ಯುಎಎನ್‌ಗೆ ಜೋಡಿಸಿದ ಫೋನಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿಸಿ. ಬ್ಯಾಲೆನ್ಸ್ ಮೆಸೇಜಿನಲ್ಲಿ ಬರುತ್ತದೆ. ಬರದಿದ್ದರೆ ನಂಬರ್ ಜೋಡಣೆ ಆಗಿಲ್ಲ ಅಥವಾ ಹೆಸರಿನಲ್ಲಿ ಏನೋ ವ್ಯತ್ಯಾಸ ಇದೆ ಅಂತ ತಿಳಿದುಕೊಳ್ಳಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಳೇ ಸಂಬಳದ ಚೀಟಿ ಎಲ್ಲ ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ಕೆಲಸ ಬಿಟ್ಟ ಮೇಲೆ ಆ ಚೀಟಿಗಳನ್ನು ಮತ್ತೆ ಪಡೆಯುವುದು ಬಹಳ ಕಷ್ಟ.